ಯಾವ ಲೈನು?

ಈಚೆಗೆ ನಮ್ಮ ಕಾಲೇಜಿನ ಕಿರುಪರೀಕ್ಷೆಯೊಂದರಲ್ಲಿ ಕಂದಪದ್ಯದ ಲಕ್ಷಣವನ್ನು ಬರೆಯಿರೆಂದು ಕೇಳಿದ್ದೆ. ಛಂದಸ್ಸೆಂದರೆ ನಮ್ಮ ಹುಡುಗರಿಗೆ ಮೈನಡುಕ. ನಲವತ್ತು ಮಂದಿಯಲ್ಲಿ ಮೂವತ್ತು ಮಂದಿ ಕಂದನನ್ನು ಎತ್ತಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಎತ್ತಿಕೊಂಡವರಲ್ಲಿ ಕೆಲವರು ಅದರ ಕೈಕಾಲು ಮುರಿದಿದ್ದರು. ಒಬ್ಬನು ಮಾತ್ರ ದುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿದ್ದ:

“ಕಂದಕ್ಕೆ ನಾಲ್ಕು ಲೈನು. ಒಂದನೆಯ ಮತ್ತು ಮೂರನೆಯ ಲೈನು ಸಣ್ಣವು, 12 ಮಾತ್ರೆ. ಎರಡನೆಯ ಮತ್ತು ನಾಲ್ಕನೆಯ ಲೈನು ದೊಡ್ಡವು, 20 ಮಾತ್ರೆ. ಎಲ್ಲಾ ಲೈನಿನಲ್ಲೂ ಪ್ರಾಸ ಸರಿ ಇರಬೇಕು.”

ಲೆಕ್ಕ ಸರಿಯಾಗಿತ್ತು, ಪ್ರಾಸವೂ ಮರೆತಿರಲಿಲ್ಲ. ಆದರೆ ನಾನು ಕನ್ನಡದ ಎಂ.ಎ.; ಆದುದರಿಂದ ಕೆಂಪು ಮಸಿಯ ಭಕ್ತ. ನಾಲ್ಕು ‘ಲೈನು’ಗಳ ಕೆಳಗೂ ನಾಲ್ಕು ಕೆಂಪು ಗೆರೆಗಳನ್ನು ಎಳೆದು ಒಂದು ಅಂಕವನ್ನು ಕತ್ತರಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ತರಗತಿಯಲ್ಲಿ ಪತ್ರಿಕೆಗಳನ್ನು ಹಂಚುವಾಗ ಅವನನ್ನು ಎಬ್ಬಿಸಿ ನಿಲ್ಲಿಸಿ, “ತಮ್ಮಾ, ‘ಸಾಲು’ ಎಂಬ ಚಿನ್ನದಂಥ ಮಾತು ಮನೆಯಲ್ಲಿರುವಾಗ ಈ ಲೈನನ್ನು ಎಲ್ಲಿಂದ ಕಡ ತಂದೆ?” ಎಂದು ಕೇಳಿದೆ.

ಹುಡುಗ ವಿನಯದಿಂದಲೇ ತಲೆ ಕೆರೆದುಕೊಂಡ.

“ತಪ್ಪಾತ್ರಿ ಸರ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಅಪ್ಪಾರು ಲೈನ್‌ಮನ್ ಇದ್ರಲ್ರಿ? ಊರಾಗ ಎಲ್ಲಾರೂ ಅವರಿಗೆ ಲೈನ್‌ಮನ್ ಕಾಕಾ ಅಂತೀವಿ. ಇನ್ನ ಮ್ಯಾಲೆ ಏನನ್ನೂಣ್ರಿ? ಸಾಲುಮನುಷ್ಯಾ ಅನ್ನೂಣೇನ್ರಿ?”

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಗಬೇಕಾಯಿತು. ಉತ್ತರ ಹೇಳುವುದರೊಳಗೆ ಗಂಟೆ ಬಾರಿಸಿತು. ಬಾರಿಸಿದ ಪುಣ್ಯಾತ್ಮ ನನ್ನ ಮಾನವನ್ನು ಆ ಮಟ್ಟಿಗೆ ಉಳಿಸಿದ.

ಆ ಸಂಜೆ ಕಾಲೇಜಿನಿಂದ ಮನೆಗೆ ನಡೆದು ಬರುವಾಗ ಯಲಬುರ್ಗಾದ ಬೀದಿಯೆಲ್ಲ ನನ್ನನ್ನು ಅಣಕಿಸಲೆಂದೇ ಮಾತನಾಡುತ್ತಿರುವಂತೆ ತೋರಿತು. ಬಸ್‌ಸ್ಟ್ಯಾಂಡಿನಲ್ಲಿ ಗಂಟು ಹೊತ್ತ ಅಜ್ಜಿಯೊಬ್ಬಳು, “ಗಜೇಂದ್ರಗಡದ ಲೈನಿಗೆ ಯಾವ ಬಸ್ಸೋ ಯಪ್ಪಾ?” ಎಂದು ಕಂಡಕ್ಟರನನ್ನು ಕೇಳುತ್ತಿದ್ದಳು. ಅಂಗಡಿಗಳಿಗೆ ಬಿಸ್ಕೀಟು ಹಂಚುವ ಟೆಂಪೋದ ಹುಡುಗ, “ನಾಳೆ ಕುಷ್ಟಗಿ ಲೈನ್ ಐತ್ರಿ, ಈ ಕಡೆ ಬರೂದಿಲ್ಲ” ಎಂದು ಸಾರುತ್ತಿದ್ದ. ನ್ಯಾಯಬೆಲೆ ಅಂಗಡಿಯ ಮುಂದೆ, “ಲೈನ್ ಹಚ್ಚಿ ನಿಲ್ರಿ, ಲೈನ್ ಮುರೀಬ್ಯಾಡ್ರಿ” ಎಂಬ ಗದ್ದಲ. ಚಹದ ಅಂಗಡಿಯಲ್ಲಿ ಒಬ್ಬ ಯಜಮಾನರು ಮೊಬೈಲನ್ನು ಅಂಗೈಯಿಂದ ಮುಚ್ಚಿ ಹಿಡಿದು, “ಸಾಹೇಬ್ರು ಲೈನಿನಾಗ ಅದಾರ, ಸುಮ್ನಿರ್ರಿ” ಎಂದು ಉಳಿದವರ ಬಾಯಿ ಮುಚ್ಚಿಸುತ್ತಿದ್ದರು. ಪಕ್ಕದ ಬೆಂಚಿನಲ್ಲಿ, ಕುಡಿತ ಬಿಟ್ಟ ಅಳಿಯನೊಬ್ಬನ ಸುದ್ದಿ: “ಈಗ ಲೈನಿಗೆ ಬಂದಾನ್ರಿ.” ಅದರ ಆಚೆಗೆ, ಬೇಕಾದ ಊರಿಗೆ ವರ್ಗ ಮಾಡಿಸಿಕೊಂಡ ನೌಕರನೊಬ್ಬನ ಸುದ್ದಿ: “ಅವಂದು ಮ್ಯಾಲೆ ಡೈರೆಕ್ಟ್ ಲೈನ್ ಐತಿ.” ಲಾರಿಯ ಚಾಲಕನೊಬ್ಬ ಮನೆಯಲ್ಲಿಲ್ಲವೆಂದರೆ ಅವನು ‘ಲೈನ್ ಮ್ಯಾಲೆ’ ಹೋಗಿದ್ದಾನೆ. ಹೊಲದಲ್ಲಿ ನೀರು ನಿಂತಿತೆಂದರೆ ಪೈಪಿನ ಲೈನು ಒಡೆದಿದೆ. ಅರ್ಜಿ ಹಾಕಬೇಕಾದವನು ‘ಆನ್‌ಲೈನ್’ ಮಾಡಿಸಲು ಹೋಗಿ ಅಲ್ಲಿಯೂ ಲೈನಿನಲ್ಲಿ ನಿಂತಿದ್ದಾನೆ.

ಮನೆ ಮುಟ್ಟುವಷ್ಟರಲ್ಲಿ ಬೆರಳುಗಳು ಸಾಲದಾದವು. ಸಾಲು, ಸರತಿ, ದಾರಿ, ಕಸುಬು, ಓದು, ತಂತಿ, ಕೊಳವೆ, ವಶೀಲಿ, ಸನ್ನಡತೆ, ದೂರವಾಣಿ. ಇಷ್ಟನ್ನೂ ಒಂದೂವರೆ ಅಕ್ಷರದ ಒಂದು ಪದ ಹೊತ್ತು ತಿರುಗುತ್ತಿದೆ! ಕತ್ತೆಗೂ ಇಷ್ಟು ಹೊರೆ ಹೊರಿಸಿದರೆ ಕೇಳುವವರಿದ್ದಾರೆ.

ಇನ್ನು ನಮ್ಮ ತರುಣರ ಅರ್ಥವೊಂದಿದೆ. ಕುಟುಂಬದ ಪತ್ರಿಕೆಯಾದರೂ ಅದನ್ನು ಬಿಡುವಂತಿಲ್ಲ. ಹುಡುಗಿಯ ಗಮನ ಸೆಳೆಯಲು ಅವಳ ಓಣಿಯಲ್ಲಿ ಸೈಕಲ್ಲೋ ಬೈಕೋ ತೆಗೆದುಕೊಂಡು ಏಳು ಸಲ ಸುಳಿದಾಡುವ ವಿದ್ಯೆಗೆ ‘ಲೈನ್ ಹೊಡೆಯುವುದು’ ಎಂದು ಹೆಸರು. ಆ ಹುಡುಗಿ ಮುಗುಳುನಕ್ಕರೆ ‘ಲೈನ್ ಕೊಟ್ಟಳು’. ಅವಳ ಅಣ್ಣ ಊರಿನಲ್ಲಿಲ್ಲವಾದರೆ ‘ಲೈನ್ ಕ್ಲಿಯರ್’. ಒಮ್ಮೆ ಹಳ್ಳಿಯಿಂದ ಗೌಡರೊಬ್ಬರು ನಮ್ಮ ಅಧ್ಯಾಪಕರ ಕೋಣೆಗೆ ಸಿಡಿಮಿಡಿಗೊಂಡು ಬಂದು, “ನಿಮ್ಮ ಹುಡುಗಾ ನಮ್ಮ ಹುಡಿಗೀಗೆ ಲೈನ್ ಹೊಡೀತಾನ್ರಿ!” ಎಂದರು. ಅಲ್ಲಿ ಕುಳಿತಿದ್ದ ನಮ್ಮ ಹಿರಿಯ ಸಂಸ್ಕೃತ ಅಧ್ಯಾಪಕರು ಮೈಸೂರಿನ ಕಡೆಯವರು, ಸಾತ್ವಿಕರು, ಕಿವಿಯೂ ಸ್ವಲ್ಪ ಮಂದ. “ಪುಸ್ತಕದ ಮೇಲೆ ತಾನೆ? ರಬ್ಬರಿನಿಂದ ಒರೆಸಿದರಾಯಿತು, ಅದಕ್ಕೇಕೆ ಇಷ್ಟು ಕೋಪ?” ಎಂದು ಸಮಾಧಾನ ಹೇಳಿದರು. ಗೌಡರ ಕೋಪ ನಗೆಯಲ್ಲಿ ಮುಗಿಯಿತು. ಹುಡುಗನನ್ನು ಕರೆಸಿ ಬೈದು ಲೈನಿಗೆ ತಂದದ್ದು ಬೇರೆಯ ಮಾತು.

ಆದರೆ ಈ ಲೈನುಗಳನ್ನು ಜೋಡಿಸಿಟ್ಟು ನೋಡುವಾಗ ನನಗೊಂದು ಸಂಗತಿ ಹೊಳೆಯಿತು. ಹೊಡೆಯುವುದು, ಹಚ್ಚುವುದು, ಎಳೆಯುವುದು, ಕೊಡುವುದು, ಹಿಡಿಯುವುದು, ಮುರಿಯುವುದು, ತಪ್ಪುವುದು. ಇವು ಯಾವುವೂ ಇಂಗ್ಲಿಷಿನವಲ್ಲ. ಗೊರಕೆಯನ್ನೂ ಹರಟೆಯನ್ನೂ ಬಂಡಿಯನ್ನೂ ಕಣ್ಣನ್ನೂ ಹೊಡೆಯುವ ಕನ್ನಡಿಗನೇ ಲೈನನ್ನೂ ಹೊಡೆದಿದ್ದಾನೆ. ಲೈನು ಬರಿಯ ಬಂಡಿ. ಎಳೆಯುವ ಎತ್ತುಗಳು ನಮ್ಮ ಕ್ರಿಯಾಪದಗಳು. ಎತ್ತು ಬದಲಾದರೆ ಬಂಡಿ ಬೇರೆ ಊರಿಗೆ ಹೋಗುತ್ತದೆ. ಲೈನ್ ಹಚ್ಚಿದವನು ಸೀಮೆಎಣ್ಣೆಗೋ ಅಕ್ಕಿಗೋ ನಿಂತವನು, ಲೈನ್ ಹೊಡೆದವನು ಪೆಟ್ಟು ತಿನ್ನುವವನು, ಲೈನ್ ಎಳೆದವನು ನಮ್ಮ ಅಪ್ಪನಂಥ ನೌಕರ. ಇಂಗ್ಲಿಷಿನವನೇ ಬಂದು ನಿಂತು ಕೇಳಿದರೂ ತನ್ನ ಮನೆಯ ಕೂಸೆಂದು ಗುರುತು ಹಿಡಿಯಲಾರ.

ನನ್ನ ಮದುವೆಯೂ ಈ ಪದದಿಂದಲೇ ನಿಶ್ಚಯವಾಯಿತೆಂದರೆ ನೀವು ನಂಬಲಿಕ್ಕಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವ ಅಡಿಕೆ ಕತ್ತರಿಸುತ್ತ, “ಹುಡುಗಂದು ಯಾವ ಲೈನ್ರೀ?” ಎಂದರು. ನಮ್ಮ ಕಾಕಾ ಅಭಿಮಾನದಿಂದ, “ಕಾಲೇಜ್ ಮಾಸ್ತರ್ ಲೈನು” ಎಂದರು. “ಸೈನ್ಸೋ?” “ಅಲ್ರೀ, ಕನ್ನಡ.” ಅಡಕೊತ್ತು ಒಂದು ಗಳಿಗೆ ನಿಂತಿತು. ಆ ಗಳಿಗೆಯಲ್ಲಿ ಪಂಪ, ರನ್ನ, ಕುಮಾರವ್ಯಾಸರೆಲ್ಲ ನನ್ನ ಬೆನ್ನ ಹಿಂದೆ ತಲೆ ತಗ್ಗಿಸಿ ಕುಳಿತಂತೆ ನನಗೆ ಭಾಸವಾಯಿತು. “ಬೀಗರು?” “ಲೈನ್‌ಮನ್ ಅದಾರ್ರಿ.” “ಹಂಗನ್ರಿ ಮತ್ತ! ಅದು ಪಕ್ಕಾ ಲೈನು!” ಅಡಕೊತ್ತು ಮತ್ತೆ ಆಡತೊಡಗಿತು. ಇಂದಿಗೂ ನನ್ನ ಹೆಂಡತಿ, ತನ್ನನ್ನು ಕೊಟ್ಟದ್ದು ಮಾವನವರ ಲೈನು ನೋಡಿಯೇ ಹೊರತು ನನ್ನದನ್ನಲ್ಲವೆಂದು ಬಂದವರೆದುರು ಹೇಳುತ್ತಾಳೆ.

ಪದಗಳು ಹೀಗೆ ಊರು ಬಿಟ್ಟು ಊರಿಗೆ ಬಂದು ಬದುಕುವುದು ಹೊಸದಲ್ಲ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಸಂಸ್ಕೃತದ ಮಾತುಗಳು ಕನ್ನಡದ ವೇಷ ತೊಡುವ ಬಗೆಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಸಾಲೆಂಬ ಅರ್ಥದ ‘ಪಂಕ್ತಿ’ ನಮ್ಮಲ್ಲಿ ‘ಪಂತಿ’ಯಾಗಿ ಊಟಕ್ಕೆ ಕುಳಿತು ಮತ್ತೆ ಏಳಲೇ ಇಲ್ಲ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಗೆ ಸೇರಿತ್ತು. 1956ರಲ್ಲಿ ಕನ್ನಡ ನಾಡೆಲ್ಲ ಒಂದಾದಾಗ ಮೈಸೂರು ರಾಜ್ಯದೊಳಗೆ ಬಂದಿತು. ನಿಜಾಮರ ಕಚೇರಿಗಳ ಉರ್ದು ಹೋದರೂ ಅರ್ಜಿ, ಜಮೀನು, ತಾರೀಖು, ಖುರ್ಚಿ, ದವಾಖಾನೆಗಳು ಇಲ್ಲಿಯೇ ಉಳಿದವು. ಇವುಗಳ ಕೆಳಗೆ ನಾನು ಎಂದೂ ಕೆಂಪು ಗೆರೆ ಎಳೆದವನಲ್ಲ. ಮೊದಲು ಬಂದ ನೆಂಟರು ಮನೆಯವರಾದರು, ಕಡೆಗೆ ಬಂದವನು ಬಾಗಿಲಲ್ಲಿ ನಿಂತಿದ್ದಾನೆ, ಅಷ್ಟೆ.

ಕಡೆಗೆ ಬಂದ ಈ ನೆಂಟನ ಕುಲಗೋತ್ರವನ್ನು ವಿಚಾರಿಸಿದಾಗ ಇನ್ನೊಂದು ತಮಾಷೆ ಕಂಡಿತು. ಇಂಗ್ಲಿಷಿನ ಲೈನಿಗೆ ಮೂಲ ಲ್ಯಾಟಿನ್ನಿನ ‘ಲೀನಿಯ’. ಹಾಗೆಂದರೆ ನಾರಿನ ದಾರ. ಅದಕ್ಕೂ ಮೂಲ ‘ಲೀನುಂ’. ಹಾಗೆಂದರೆ ಅಗಸೆಯ ಗಿಡ. ನಾವು ರೊಟ್ಟಿಯ ಜೊತೆಗೆ ಹಿಂಡಿ ಮಾಡಿಕೊಂಡು ತಿನ್ನುವ ಅದೇ ಅಗಸಿ! ಅದರ ನಾರನ್ನು ಹೊಸೆದು ದಾರ ಮಾಡಿ, ದಾರವನ್ನು ಬಿಗಿದು ನೇರವನ್ನು ಅಳೆದು, ಕಡೆಗೆ ಆ ನೇರಕ್ಕೇ ದಾರದ ಹೆಸರನ್ನಿಟ್ಟರು. ನಮ್ಮವರೂ ಹಾಗೆಯೇ ತಾನೆ ಮಾಡಿದ್ದು? ದಾರವೆಂಬ ಅರ್ಥದ ‘ಸೂತ್ರ’ವನ್ನು ವ್ಯಾಕರಣಕ್ಕೂ ಮಂಗಳಕ್ಕೂ ಗೊಂಬೆಯಾಟಕ್ಕೂ ಕಟ್ಟಿದ್ದೇವೆ. ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಅಗಸಿ ಹಿಂಡಿಯನ್ನು ಬಡಿಸಿದಳು. ಅಪ್ಪನಿಗೆ ಈ ವಿಷಯ ಹೇಳಿದೆ. ಅಪ್ಪ ಹಿಂಡಿಯನ್ನೊಮ್ಮೆ ನೋಡಿ, “ಹಂಗಾರ ಮೂವತ್ತೈದು ವರ್ಷ ಇದರ ಉಪ್ಪೇ ತಿಂದೀನಿ” ಎಂದ.

ಅಪ್ಪನ ಸೇವಾಪುಸ್ತಕದಲ್ಲಿ ಅವನ ಹುದ್ದೆಗೆ ‘ಮಾರ್ಗದಾಳು’ ಎಂದು ಬರೆದಿತ್ತು. ಲೈನ್‌ಮನ್ ಎಂಬುದಕ್ಕೆ ಸರಕಾರದ ಕನ್ನಡ ಅದು. ಈಚಿನ ನೇಮಕಾತಿಗಳಲ್ಲಿ ‘ಪವರ್‌ಮ್ಯಾನ್’ ಎಂದು ಬರೆಯುತ್ತಾರೆ. ಚಿಕ್ಕಂದಿನಲ್ಲಿ ಆ ಪದವನ್ನು ನೋಡಿ ಅಪ್ಪ ದಾರಿ ಕಾಯುವ ಆಳೇನೋ ಎಂದುಕೊಂಡಿದ್ದೆ. ಅಪ್ಪನೂ ಅದನ್ನು ಒಮ್ಮೆಯೂ ಬಾಯಲ್ಲಿ ಆಡಿದ್ದಿಲ್ಲ. ಎಂ.ಎ. ತರಗತಿಯಲ್ಲಿ ನಮ್ಮ ಗುರುಗಳು ‘ಮಾರ್ಗ’ ಮತ್ತು ‘ದೇಸಿ’ ಎಂಬ ಎರಡು ಮಾತುಗಳನ್ನು ಬಿಡಿಸಿ ಹೇಳುವಾಗ ನನಗೆ ಆ ಸೇವಾಪುಸ್ತಕ ನೆನಪಾಯಿತು. ಮಾರ್ಗವೆಂದರೆ ಪಂಡಿತರ ಹೆದ್ದಾರಿ, ದೇಸಿಯೆಂದರೆ ನೆಲದವರ ಕಾಲುದಾರಿ. ಎರಡೂ ಹದವಾಗಿ ಕೂಡಬೇಕೆಂಬುದು ಪಂಪನ ಆಸೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವಂತೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನೇ ಕನ್ನಡದ ತಿರುಳೆಂದು ಕರೆದಿದೆ. ಕೊಪಣವೆಂದರೆ ನಮ್ಮ ಕೊಪ್ಪಳ, ಕಿಸುವೊಳಲೆಂದರೆ ಪಟ್ಟದಕಲ್ಲು. ನಕ್ಷೆಯ ಮೇಲೆ ಇವೆರಡರ ನಡುವೆ ಅಡ್ಡಪಟ್ಟಿಯನ್ನಿಟ್ಟು ಗೆರೆ ಎಳೆದು ನೋಡಿ. ಸಿಂದ ಅರಸರು ಆಳಿದ ಎರಂಬರಗೆ, ಎಂದರೆ ನಮ್ಮ ಯಲಬುರ್ಗಾ, ಹೆಚ್ಚುಕಡಿಮೆ ಆ ಗೆರೆಯ ಮೇಲೆಯೇ ಬರುತ್ತದೆ. ಅಂಥ ತಿರುಳ್ಗನ್ನಡದ ಜನ ಸಂಸ್ಕೃತದ ‘ಮಾರ್ಗದಾಳು’ವನ್ನು ಕಡತದಲ್ಲಿ ಮಲಗಲು ಬಿಟ್ಟು, ಇಂಗ್ಲಿಷಿನ ಲೈನನ್ನು ಬಾಯಲ್ಲಿಟ್ಟುಕೊಂಡು ಪಳಗಿಸಿದ್ದಾರೆ. ಇಲ್ಲಿ ಮಾರ್ಗ ಯಾವುದು, ದೇಸಿ ಯಾವುದು? ಪರೀಕ್ಷೆಯಲ್ಲಿ ಕೇಳಿದರೆ ನಾನೇ ಒಂದು ಅಂಕ ಕಳೆದುಕೊಳ್ಳುತ್ತೇನೆ.

ಹಾಗೆಂದು ಎಲ್ಲ ಲೈನುಗಳಿಗೂ ನಾನು ಆರತಿ ಎತ್ತಲಾರೆ. ‘ಪಾಳಿ’ ಎಂಬ ನಮ್ಮ ಮಾತನ್ನು ಅದು ನುಂಗುತ್ತಿರುವುದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪಾಳಿ ಎಂದರೆ ನಿಂತ ಸಾಲೂ ಹೌದು, ನಮಗೆ ಬರಬೇಕಾದ ಸರದಿಯೂ ಹೌದು. “ನಿನ್ನ ಪಾಳಿ ಬರತೈತಿ” ಎಂದರೆ ಅದರಲ್ಲೊಂದು ಭರವಸೆಯಿದೆ. “ಲೈನಿನಾಗ ನಿಲ್ಲು” ಎಂದರೆ ಬರಿಯ ನಿಲ್ಲುವುದಷ್ಟೆ. ಹೊಲದ ಅಕ್ಕಡಿ ಸಾಲನ್ನು ಯಾವ ರೈತನೂ ಈವರೆಗೆ ಅಕ್ಕಡಿ ಲೈನು ಎಂದಿಲ್ಲ. ಎನ್ನುವ ದಿನ ನಾನು ಕೆಂಪು ಮಸಿಯ ಸೀಸೆಯನ್ನೇ ಹಿಡಿದು ಹೊಲಕ್ಕೆ ಹೋಗುತ್ತೇನೆ.

ಇಷ್ಟೆಲ್ಲ ವಿಚಾರ ನಡೆದಿರುವಾಗಲೇ ನನಗೆ ಹಳೆಯ ಇರುಳೊಂದು ನೆನಪಾಯಿತು. ಆಗ ನಾನು ಐದನೆಯ ತರಗತಿ. ಮೇ ತಿಂಗಳ ಬಿರುಗಾಳಿಗೆ ಬೇವಿನ ಮರವೊಂದು ತಂತಿಯ ಮೇಲೆ ಬಿದ್ದು ಊರೆಲ್ಲ ಕತ್ತಲೆಯಾಗಿತ್ತು. ಅಪ್ಪ ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು, ಕೈಗವಸು, ಬ್ಯಾಟರಿ, ಕಟಿಂಗ್ ಪ್ಲಾಯರುಗಳ ಚೀಲವನ್ನು ಹೆಗಲಿಗೇರಿಸಿ ಹೋದ. ಅವ್ವ ಚಿಮಣಿಯನ್ನು ಹಚ್ಚಿಟ್ಟು ಹೊಸ್ತಿಲ ಬಳಿ ಕುಳಿತಳು. ಹತ್ತು ಗಂಟೆಯ ಸುಮಾರಿಗೆ ಓಣಿಯ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ಮಕ್ಕಳೆಲ್ಲ ಅಂಗಳಕ್ಕೆ ಜಿಗಿದು, “ಲೈನ್ ಬಂತೋ! ಲೈನ್ ಬಂತೋ!” ಎಂದು ಕೇಕೆ ಹಾಕಿದರು. ನಾನೂ ಕೇಕೆ ಹಾಕಿ ಒಳಗೆ ಓಡಿ ಬಂದರೆ ಅವ್ವನ ಮುಖ ಬಿಳಿಚಿಕೊಂಡಿತ್ತು. ದೀಪ ಬಂದರೂ ಅವಳು ಚಿಮಣಿಯನ್ನು ಆರಿಸಲಿಲ್ಲ. “ಅವರಿನ್ನೂ ಬಂದಿಲ್ಲಲ್ಲ” ಎಂದಳು.

ಊರಿಗೆ ಲೈನು ಬರುವುದೆಂದರೆ ಬೆಳಕು, ಫ್ಯಾನು, ಹಿಟ್ಟಿನ ಗಿರಣಿ. ಕಂಬದ ಮೇಲೆ ಗಂಡನಿರುವಾಗ ಲೈನು ಬರುವುದೆಂದರೆ ಏನೆಂಬುದು ಲೈನ್‌ಮನ್ನನ ಹೆಂಡತಿಗೆ ಮಾತ್ರ ಗೊತ್ತು. ಅದೇ ಎರಡು ಮಾತು, ಅದೇ ಗಳಿಗೆ. ಓಣಿಗೆ ಹಬ್ಬ, ನಮ್ಮ ಹೊಸ್ತಿಲಿಗೆ ಗಂಡಾಂತರ. ಅಪ್ಪ ಬಂದಾಗ ಎರಡು ಗಂಟೆ. ಮೈಯೆಲ್ಲ ಕೆಸರು. ಅವ್ವ ಏನನ್ನೂ ಕೇಳಲಿಲ್ಲ. ಅಪ್ಪನೇ ಕೈಕಾಲು ತೊಳೆಯುತ್ತ, “ಯಾಕ ಅಂಜಿದಿ? ನಂದು ಬ್ಯಾರೆ ಲೈನ್ ಇತ್ತು” ಎಂದ. ಆಮೇಲೆ ಅವ್ವ ಚಿಮಣಿಯನ್ನು ಊದಿದಳು.

ಅವಳ ಅಂಜಿಕೆಗೆ ಕಾರಣವಿತ್ತೆಂಬುದನ್ನು ನಾನು ತಿಳಿದದ್ದು ದೊಡ್ಡವನಾದ ಮೇಲೆ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ‘ಲೈನ್ ಕ್ಲಿಯರ್’ ಪಡೆಯಬೇಕು. ನೌಕರರು ಅದನ್ನು ಎಲ್.ಸಿ. ಎನ್ನುತ್ತಾರೆ. ಅಲ್ಲಿ ಕುಳಿತವನು ಆ ಲೈನಿನ ವಿದ್ಯುತ್ತನ್ನು ತೆಗೆದು, ಯಾರು ಕೇಳಿದರು, ಎಷ್ಟು ಹೊತ್ತಿಗೆ ಎಂಬುದನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಕೆಲಸದವನು ತಂತಿಗಳನ್ನು ನೆಲಕ್ಕೆ ಜೋಡಿಸಿ ಮೇಲೇರುತ್ತಾನೆ. ಕೆಲಸ ಮುಗಿದು, ಜನರೆಲ್ಲ ಕೆಳಗಿಳಿದು, ಎಲ್.ಸಿ.ಯನ್ನು ಮರಳಿಸಿದ ಮೇಲೆಯೇ ವಿದ್ಯುತ್ತು ಹರಿಯಬೇಕು. ಆ ಬಿರುಗಾಳಿಯ ಇರುಳಿಗೆ ಎರಡು ವರ್ಷ ಹಿಂದೆ, ಬೇರೆಲ್ಲಿಯೋ, ಅಪ್ಪನ ಜೊತೆಗೆ ತರಬೇತಿ ಪಡೆದವರೊಬ್ಬರು ಫೋನಿನಲ್ಲಿ, “ಹಳ್ಳದ ಲೈನ್ ಕ್ಲಿಯರ್ ಏನ್ರೀ?” ಎಂದು ಕೇಳಿದರಂತೆ. ಆ ಕಡೆಯಿಂದ “ಕ್ಲಿಯರ್” ಎಂಬ ಉತ್ತರವೂ ಬಂದಿತು. ಆದರೆ ಅಲ್ಲಿ ಜನರ ಬಾಯಲ್ಲಿ ಹಳ್ಳದ ಲೈನುಗಳು ಎರಡಿದ್ದವು. ತಂತಿಯನ್ನು ನೆಲಕ್ಕೆ ಜೋಡಿಸುವುದೂ ಅವಸರದಲ್ಲಿ ತಪ್ಪಿತು. ಅವರು ತಿರುಗಿ ಮನೆಗೆ ಬರಲಿಲ್ಲ.

ಅಂದಿನಿಂದ ಅಪ್ಪ ನಿವೃತ್ತನಾಗುವವರೆಗೂ ಬರಿಯ ‘ಲೈನು’ ಎಂದು ಕೆಲಸದಲ್ಲಿ ಒಮ್ಮೆಯೂ ಅನ್ನಲಿಲ್ಲ. ಲೈನಿನ ಪೂರ್ತಿ ಹೆಸರು, ಕಂಬದ ಸಂಖ್ಯೆ, ತನ್ನ ಹೆಸರು. ಆಮೇಲೆ ಆ ಕಡೆಯವನ ಬಾಯಿಂದ ಅಷ್ಟನ್ನೂ ಮತ್ತೊಮ್ಮೆ ಹೇಳಿಸುತ್ತಿದ್ದ. ಹೊಸದಾಗಿ ಸೇರಿದ ಹುಡುಗರು ಇವನ ಈ ಪಾಠ ಒಪ್ಪಿಸುವಿಕೆಯನ್ನು ಕಂಡು ಹಿಂದಿನಿಂದ ನಗುತ್ತಿದ್ದರಂತೆ. ಅವರೆಲ್ಲ ಈಗ ನಡುವಯಸ್ಸು ದಾಟುತ್ತಿದ್ದಾರೆ. ಹಬ್ಬಕ್ಕೆ ಬಂದು ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಾರೆ. ನಾನು ಹದಿಮೂರು ವರ್ಷದಿಂದ ಕೆಂಪು ಮಸಿಯಲ್ಲಿ ಶಬ್ದಶುದ್ಧಿ ಕಲಿಸುತ್ತಿದ್ದೇನೆ. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ ಅಪ್ಪ ನನಗಿಂತ ಕಟ್ಟುನಿಟ್ಟಿನ ಶಾಬ್ದಿಕ. ನನ್ನ ಹುಡುಗರು ಪದ ತಪ್ಪಿದರೆ ಅಂಕ ಹೋಗುತ್ತದೆ.

ಇನ್ನೊಂದು ಲೈನಿನ ಮಾತು ಉಳಿಯಿತು. ನಮ್ಮ ಅಜ್ಜನ ಕಾಲದಲ್ಲಿ ಯಲಬುರ್ಗಾದಲ್ಲಿ ಬರಿಯ ಲೈನು ಎಂದರೆ ರೈಲಿನ ಲೈನು. ಅದೂ ಇಲ್ಲದ ಲೈನು. ಗದಗಿನಿಂದ ಹೊಸಪೇಟೆಗೆ ಹೋಗುವ ಹಳೆಯ ರೈಲು ತಳಕಲ್ಲು, ಬನ್ನಿಕೊಪ್ಪಗಳ ಬಳಿ ತೆಂಕಣ ಅಂಚನ್ನಷ್ಟೆ ಸವರಿಕೊಂಡು ಕೊಪ್ಪಳಕ್ಕೆ ಓಡಿಹೋಗುತ್ತಿತ್ತು. ಊರಿಗೆ ಲೈನು ಬರುತ್ತದೆಂಬ ಸುದ್ದಿ ಮಾತ್ರ ಪ್ರತಿ ವರ್ಷವೂ ಬರುತ್ತಿತ್ತು. ಅಜ್ಜನಿಗೆ ಸಾಲ ಕೊಟ್ಟವರು, “ಯಾವಾಗ ತೀರಸ್ತಿ?” ಎಂದರೆ ಅಜ್ಜ ನಿರ್ವಿಕಾರವಾಗಿ, “ಲೈನ್ ಬಂದ ಮರುದಿನ” ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಅದೊಂದು ಗಾದೆಯೇ ಆಗಿತ್ತು. ನಾನು ಹೊಸ ಬೂಟು ಕೇಳಿದರೂ, ಅವ್ವ ಬಂಗಾರದ ಬಳೆ ಕೇಳಿದರೂ ಅದೇ ಉತ್ತರ.

ಗದಗ–ವಾಡಿ ಹೊಸ ಮಾರ್ಗಕ್ಕೆ 2013–14ರ ರೈಲ್ವೆ ಆಯವ್ಯಯದಲ್ಲಿ ಒಪ್ಪಿಗೆ ದೊರೆಯಿತು. ಸುಮಾರು 257 ಕಿಲೋಮೀಟರಿನ ದಾರಿ. ಅದರ ಮೊದಲ ಭಾಗ ತಳಕಲ್ಲಿನಲ್ಲಿ ಕವಲೊಡೆದು ಕುಕನೂರು, ಯಲಬುರ್ಗಾಗಳ ಮೇಲೆ ಕುಷ್ಟಗಿಗೆ ಮುಟ್ಟಿತು. 2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. ಅಂದು ಮನೆಯಲ್ಲಿ ಸುದ್ದಿ ಕೇಳಿ ಅಪ್ಪ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಇನ್ನ ನಮ್ಮಪ್ಪನ ಸಾಲ ಎಲ್ಲಾ ತೀರಸಬೇಕಾತಲ್ಲೋ” ಎಂದ. ಅವ್ವ ಒಳಗಿನಿಂದ, “ಮೊದಲ ನನ್ನ ಬಳಿ” ಎಂದಳು.

ಮುಂದಿನ ತಿಂಗಳು ಅವರಿಬ್ಬರನ್ನು ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ರೈಲಿನಲ್ಲಿಯೇ ಕರೆದುಕೊಂಡು ಹೋದೆ. ತನ್ನ ಊರಿನ ನಿಲ್ದಾಣದಲ್ಲಿ ನಿಂತು ರೈಲು ಹತ್ತುವುದು ಅವ್ವನಿಗೆ ಅದೇ ಮೊದಲು. ಮುಂದಿನ ನಿಲ್ದಾಣದವರು ಲೈನ್ ಕ್ಲಿಯರ್ ಕೊಟ್ಟ ಮೇಲೆಯೇ ಈ ನಿಲ್ದಾಣದವರು ಗಾಡಿ ಬಿಡಬೇಕೆಂಬ ಕ್ರಮವನ್ನು ಅಪ್ಪನಿಗೆ ನಾನು ತಿಳಿಸಿದಾಗ, ಬಹಳ ದಿನಗಳ ಮೇಲೆ ಬಳಗದವರನ್ನು ಕಂಡವನಂತೆ ಅವನ ಮುಖವರಳಿತು. ಗಾಡಿ ಹೊರಟಿತು. ಕರಿಯ ಮಣ್ಣಿನ ಹೊಲಗಳು, ಹೊಲಗಳ ನಡುವೆ ಕಂಬಗಳು ಹಿಂದಕ್ಕೆ ಸರಿಯತೊಡಗಿದವು. ಅಪ್ಪ ಕಿಟಕಿಯ ಸರಳುಗಳ ನಡುವಿನಿಂದ ಬೆರಳು ಹೊರಗೆ ಚಾಚಿ ಅವ್ವನಿಗೆ ತೋರಿಸಿದ.

“ಅಗೋ ನೋಡು, ಆ ಬೇವಿನ ಗಿಡದಿಂದ ಆ ಗುಡಿ ತನಕಾ. ನಾ ಎಳದ ಲೈನ್ ಅದು.”

ಮೂವತ್ತೈದು ವರ್ಷ ಆ ತಂತಿಗಳಿಗೆ ಅಂಜಿ ಬಾಳಿದ ಅವ್ವ ಅವುಗಳನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಅಂದೇ ಕಂಡದ್ದು. “ನೆಟ್ಟಗ ಅದಾವ ಬಿಡ್ರಿ” ಎಂದಳು.

ಇರಲಿ. ಮರುದಿನ ಕಾಲೇಜಿನಲ್ಲಿ ಆ ಹುಡುಗನನ್ನು ಕರೆದು ಅವನ ಉತ್ತರಪತ್ರಿಕೆಯನ್ನು ಕೇಳಿ ಪಡೆದೆ. ಕತ್ತರಿಸಿದ ಒಂದು ಅಂಕವನ್ನು ಕೊಟ್ಟು ಪಕ್ಕದಲ್ಲಿ ಸಹಿ ಹಾಕಿದೆ. ಆದರೆ ಅಧ್ಯಾಪಕನ ಹುಟ್ಟುಗುಣ ಎಲ್ಲಿಗೆ ಹೋಗಬೇಕು? “ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮಾತ್ರ ‘ಸಾಲು’ ಎಂದೇ ಬರೆ, ತಮ್ಮಾ. ಅಲ್ಲಿ ಪತ್ರಿಕೆ ನೋಡುವವರು ನನ್ನಂಥವರೇ ಇರುತ್ತಾರೆ” ಎಂದೆ.

ಹುಡುಗ ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

“ಬರೀತೀನ್ರಿ ಸರ” ಎಂದು ಬಾಗಿಲವರೆಗೆ ಹೋದವನು, ಅಲ್ಲಿ ಕಾದು ನಿಂತಿದ್ದ ಗೆಳೆಯನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತು:

“ಸರು ಲೈನಿಗೆ ಬಂದ್ರಲೇ!”